ಬಳೆಗಳ ಕೆಳಗಿನ ಕೀಲು

…ಎಡಗೈ ಆಗಿರಲಾರದು. ಹಾಗೆಂದು ಬರೆದು ಕಣ್ಣು ಮುಚ್ಚಿದರೆ ಎಡಗೈಯೇ ಕಾಣುತ್ತದೆ: ಹಳೆಯ ಬಾವಿಯ ಮೆಟ್ಟಿಲ ಮೇಲೆ ಕುಳಿತ ಹೆಂಗಸು, ಮಡಿಲಲ್ಲಿ ಒಂದು ಕೈ, ಅದನ್ನು ಇನ್ನೊಂದು ಕೈ ನಿದ್ದೆಹೋದ ಕೂಸನ್ನು ಹಿಡಿದ ಹಾಗೆ ಹಿಡಿದಿದೆ. ಆದರೆ ನಾನು ಎದುರಿಗೆ ನಿಂತಿದ್ದರೆ ನನ್ನ ಎಡಕ್ಕೆ ಬರುವುದು ಆಕೆಯ ಬಲಗೈ. ಎದುರಿಗೆ ನಿಂತಿದ್ದೆನೋ ಇಲ್ಲವೋ, ಅದೂ ಖಚಿತವಿಲ್ಲ. ಬಲಗೈ ಎಂದು ನಾನು ತೀರ್ಮಾನಿಸುವುದು ಕಂಡದ್ದರಿಂದಲ್ಲ, ಆಮೇಲೆ ನಡೆದದ್ದರಿಂದ. ಎಡಗೈ ಆಗಿದ್ದರೆ ತೀರ್ಥದ ಮಾತೇ ಬರುತ್ತಿರಲಿಲ್ಲ.

ಆಕೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಕಂಪ್ಲಿಯಿಂದ ನಮ್ಮ ಹೊಸಪೇಟೆಯ ಮನೆಗೆ ಬಂದವಳು. ನಾನು ಮದರಾಸಿನಲ್ಲಿ ಡಾಕ್ಟರಿಕೆ ಓದುತ್ತಿದ್ದೆ, ಬೇಸಿಗೆಯ ರಜೆಗೆ ಊರಿಗೆ ಬಂದಿದ್ದೆ. ಅಣ್ಣ ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಗಣಿಯ ಗುಮಾಸ್ತ. ಆ ಬೇಸಿಗೆ ಅವನಿಗೆ ಚಳಿಜ್ವರ ಹಿಡಿದಿತ್ತು. ಬಿಟ್ಟಂತೆ ಮಾಡಿ ಮತ್ತೆ ಬರುತ್ತಿತ್ತು. ಆ ಕಡೆಯಿಂದ ಬಂದ ಗಾಡಿಯವನೊಬ್ಬ ನಮ್ಮ ಕಟ್ಟೆಯ ಮೇಲೆ ನೀರು ಕುಡಿದು, "ಎದ್ದು ಕುಂದ್ರಾಕ ಆಗವಲ್ದ್ರಿ ಅವರಿಗೆ" ಎಂದು ಹೇಳಿ ಹೋದ. ಮರುದಿನ ಅತ್ತಿಗೆ ಪಕ್ಕದ ಮನೆಯವರ ಜೊತೆ ಗಾಡಿ ಕಟ್ಟಿಸಿಕೊಂಡು ಹಂಪಿಗೆ ಹೋದಳು. ಕೋದಂಡರಾಮನ ಗುಡಿಯ ಹಿಂದಿನ ಪ್ರಾಣದೇವರಿಗೆ ಹರಕೆ ಹೊತ್ತಳು. ಹಿಂದಿರುಗುವಾಗ ಮಲಪನಗುಡಿಯ ಬಾವಿಯ ಹತ್ತಿರ ಕಾಲು ತೊಳೆಯಲು ಇಳಿದಳು. ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಜಾರಿದಳು, ಕೈ ಊರಿದಳು.

ಇಷ್ಟು ನಿಜವಿರಬೇಕು. ಆದರೆ ಅಮ್ಮ ಸಾಯುವವರೆಗೂ ಇದನ್ನು ಒಪ್ಪಲಿಲ್ಲ. ಆಕೆಯ ಪ್ರಕಾರ ಅತ್ತಿಗೆ ಬಿದ್ದದ್ದು ನಮ್ಮ ಮನೆಯ ಹಿಂದಿನ ಕಾಲುವೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಹರಕೆ ಹೊತ್ತು ಬರುವ ದಾರಿಯಲ್ಲಿ ಕೈ ಮುರಿಯಿತು ಎಂದರೆ ದೇವರ ಮೇಲೆ ಮಾತು ಬರುತ್ತದೆ. ಅದಕ್ಕೇ ಅಮ್ಮ ಜಾಗ ಬದಲಿಸಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಒಮ್ಮೆ ಹಾಗೆಂದು ಹೇಳಿದೆ ಕೂಡ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ನಿನಗೇನು ಗೊತ್ತಲೇ? ನೀ ಅವತ್ತು ಪಡಸಾಲ್ಯಾಗ ಬಾಯಿ ತಕ್ಕೊಂಡು ಮಲಗಿದ್ದಿ" ಎಂದಳು.

ಮಲಗಿದ್ದವನಿಗೆ ಆ ಬಾವಿ ಯಾಕೆ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ? ಕೆಳಗೆ ಹಸಿರು ನೀರು, ನೀರಿನಲ್ಲಿ ಒಂದು ತುಂಡು ಆಕಾಶ, ಮೆಟ್ಟಿಲ ಮೇಲೆ ಚೆಲ್ಲಿದ ಹಸಿರು ಬಳೆಚೂರುಗಳು. ಮೂರೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಆ ಬಾವಿಯನ್ನು ಅದಕ್ಕೂ ಮುಂಚೆ, ಅದಾದ ಮೇಲೆ, ಎಷ್ಟೋ ಸಲ ನೋಡಿದ್ದೇನೆ. ಎಂದೋ ನೋಡಿದ ನೀರಿನ ಪಕ್ಕದಲ್ಲಿ ಎಂದೋ ನೋಡಿದ ಅತ್ತಿಗೆಯನ್ನು ಕೂರಿಸಿದ್ದರೂ ಕೂರಿಸಿರಬಹುದು.

ಕೈ ಮುರಿದದ್ದು ಮಾತ್ರ ನಿಜ. ಆ ಕೈ ಮತ್ತೆ ಹೊರಳುತ್ತದೆಯೇ, ಅಂಗೈ ಆಕಾಶದ ಕಡೆ ತಿರುಗುತ್ತದೆಯೇ ಎನ್ನುವುದು ಆ ಬೇಸಿಗೆಯಲ್ಲಿ ನನ್ನ ಪ್ರಶ್ನೆಯಾಗಿತ್ತು. ಆಕೆಯ ಪ್ರಶ್ನೆ ಬೇರೆ ಇತ್ತು: ಸಂಡೂರಿನಲ್ಲಿ ಮಲಗಿದವರು ಏಳುತ್ತಾರೆಯೇ. ಎರಡು ಪ್ರಶ್ನೆಗಳೂ ಆಕೆಯ ಒಂದೇ ಮಣಿಕಟ್ಟಿನಲ್ಲಿ ಬಂದು ಕುಳಿತವು.

ಮುಂಗೈಯ ಮುರಿತಗಳನ್ನು ವಿಂಗಡಿಸುವುದನ್ನು ಮದರಾಸಿನಲ್ಲಿ ನಮಗೆ ಆಗಷ್ಟೇ ಕಲಿಸಿದ್ದರು. ಬೀಳುವವರೆಲ್ಲ ಒಂದೇ ರೀತಿ ಬೀಳುತ್ತಾರೆ, ಅಂಗೈ ಮುಂದೆ ಚಾಚಿ. ಆದರೆ ಮುರಿಯುವುದು ಒಂದೇ ರೀತಿ ಅಲ್ಲ. ಮಕ್ಕಳ ಎಲುಬು ಹಸಿ ಕಡ್ಡಿಯ ಹಾಗೆ ಒಂದು ಮಗ್ಗುಲಿಗೆ ಸೀಳಿ ಬಾಗುತ್ತದೆ, ತುಂಡಾಗುವುದಿಲ್ಲ. ವಯಸ್ಸಾದ ಹೆಂಗಸರದು ಮಣಿಕಟ್ಟಿನ ಮೇಲೆಯೇ ಮುರಿದು ಕೈ ಹಿಂದಕ್ಕೆ ಸರಿಯುತ್ತದೆ. ಪಕ್ಕದಿಂದ ನೋಡಿದರೆ ದೊರೆಗಳು ಊಟಕ್ಕೆ ಬಳಸುವ ಮುಳ್ಳುಚಮಚೆಯ ಆಕಾರ ಎಂದು ಪುಸ್ತಕ ಹೇಳುತ್ತಿತ್ತು. ನಮ್ಮಲ್ಲಿ ಅರ್ಧ ಜನ ಆ ಚಮಚೆಯನ್ನೇ ನೋಡಿರಲಿಲ್ಲ. ಬೋರಲು ಹಾಕಿದ ಸೌಟು ಎಂದುಕೊಂಡು ನೆನಪಿಟ್ಟುಕೊಂಡೆ. ಇನ್ನು ಕೆಲವು ಸಲ ಎಲುಬಿಗೆ ಏನೂ ಆಗುವುದಿಲ್ಲ, ಮಣಿಕಟ್ಟಿನ ಸಣ್ಣ ಎಲುಬುಗಳಲ್ಲಿ ಒಂದು ತನ್ನ ಜಾಗ ಬಿಟ್ಟು ಮುಂದಕ್ಕೆ ಹೊರಳಿ ಕೂರುತ್ತದೆ. ನಡುವಯಸ್ಸಿನವರಲ್ಲಿ, ಗಟ್ಟಿ ಎಲುಬಿನವರಲ್ಲಿ, ಮುಂಗೈಯ ಎರಡೂ ಎಲುಬುಗಳು ಮುರಿಯಬಹುದು. ಅಥವಾ ಒಂದು ಮಾತ್ರ.

ಈ 'ಒಂದು ಮಾತ್ರ' ಎನ್ನುವ ಜಾಗದಲ್ಲಿ ನಮ್ಮ ಮೇಷ್ಟ್ರು ನಿಂತುಬಿಡುತ್ತಿದ್ದರು. ಒಂದು ಮಾತ್ರ ಎಂದು ಕಂಡಾಗ ನಂಬಬೇಡಿ ಎನ್ನುತ್ತಿದ್ದರು. ಹೆಬ್ಬೆರಳ ಕಡೆಯ ಎಲುಬು, ಕಿರುಬೆರಳ ಕಡೆಯ ಎಲುಬು, ಎರಡೂ ಮೇಲೆ ಮೊಣಕೈಯಲ್ಲಿ, ಕೆಳಗೆ ಮಣಿಕಟ್ಟಿನಲ್ಲಿ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದು ಮುರಿದು ಗಿಡ್ಡವಾದರೆ ಇನ್ನೊಂದು ಮುರಿಯಬೇಕು, ಇಲ್ಲವೇ ಎಲ್ಲಾದರೂ ಕೀಲು ಬಿಟ್ಟು ಹೊರಬರಬೇಕು. ಆದ್ದರಿಂದ ಒಂದು ಮುರಿತ ಕಂಡರೆ, ಮೇಲೆ ಮುಚ್ಚಿದ್ದನ್ನೆಲ್ಲ ತೆಗೆಸಿ, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ನೋಡಿ.

ರಜೆಗೆ ಬಂದಾಗ ಈ ಪಾಠವೇ ಕಣ್ಣಿಗೆ ಕಟ್ಟಿಕೊಂಡಿತ್ತು. ಕಮಲಾಪುರದಿಂದ ಹಂಪಿಗೆ ನಡೆದು ಹೋಗುವಾಗ ಬಂಡೆಗಳನ್ನು ವಿಂಗಡಿಸುತ್ತಿದ್ದೆ. ಇದು ಅಡ್ಡ ಮುರಿತ. ಇದು ಓರೆ. ಇದು ಚೂರುಚೂರು. ಆ ದೊಡ್ಡದು ಮುರಿದಿಲ್ಲ, ಜಾಗ ತಪ್ಪಿದೆ. ಬಿಸಿಲು ಏರಿದಂತೆ ಗುಡ್ಡವೆಲ್ಲ ಮಲಗಿದ ಯಾರದೋ ಮೈಯಾಗಿ ಕಾಣುತ್ತಿತ್ತು. ಬಾಳೆತೋಟದ ನೆರಳಿನಲ್ಲಿ ಕೂತರೆ ಆ ಮೈ ಉಸಿರಾಡಿದಂತೆ ಅನ್ನಿಸುತ್ತಿತ್ತು. ಬಿದ್ದದ್ದು ಯಾವಾಗ, ಯಾವ ಕೈ ಊರಿ ಬಿತ್ತು ಎಂದು ಕೇಳಬೇಕೆನಿಸುತ್ತಿತ್ತು.

ಹೊಸಪೇಟೆಯ ಆಸ್ಪತ್ರೆಯ ಡಾಕ್ಟರು ತೆಲುಗು ಸೀಮೆಯವರು; ಬಂದು ವರ್ಷಗಳಾಗಿ ನಮ್ಮ ಮಾತೇ ಆಡುತ್ತಿದ್ದರು. ಅತ್ತಿಗೆಯ ಕೈಯನ್ನು ಮೇಜಿನ ಮೇಲಿನ ದಿಂಬಿಗೆ ಆನಿಸಿ, ಮುಟ್ಟದೆಯೇ ಬಹಳ ಹೊತ್ತು ನೋಡಿದರು. ಮುಂಗೈಯ ಕೆಳಭಾಗ, ಹೆಬ್ಬೆರಳ ಕಡೆ, ಬಳೆಗಳಿಗಿಂತ ಸ್ವಲ್ಪ ಮೇಲೆ ಬಾಗಿತ್ತು. ಅದರ ಕೆಳಗೆ ಹಸಿರು ಬಳೆಗಳು. ಬಿದ್ದಾಗ ಕೆಲವು ಹೋಗಿದ್ದವು, ಕೆಲವು ಉಳಿದಿದ್ದವು. ಉಳಿದವುಗಳ ಸುತ್ತ ಕೈ ಊದಿ, ಬಳೆಗಳು ಹೂತುಕೊಂಡಂತೆ ಕೂತಿದ್ದವು.

"ಇಲ್ಲಿ ಮುರದದ. ಇದು ನಂಗ ಕಾಣ್ತದ," ಎಂದರು ಡಾಕ್ಟರು. "ಇದರ ಕೆಳಗ ಏನಾಗೇದ ಅನ್ನೋದನ್ನ ಬಳಿ ಮುಚ್ಚಿಟ್ಟಾವ. ತಗಸ್ರೆಮ್ಮಾ."

ನಾನು ಅಮ್ಮನ ಮುಖ ನೋಡಿದೆ. ಗಂಡ ಕಾಯಿಲೆ ಬಿದ್ದಿರುವಾಗ ಹೆಂಡತಿಯ ಬಳೆ ಒಡೆಸುವುದು! ನಮ್ಮ ಕಡೆ ಬಳೆ ಒಡೆಯಿತು ಎಂಬ ಮಾತನ್ನೇ ಆಡುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಒಡೆಯುವುದು ಒಂದೇ ಸಂದರ್ಭದಲ್ಲಿ. ಅಮ್ಮ ಬೇಡವೆನ್ನುತ್ತಾಳೆ, ನಾನು ವಾದ ಮಾಡಬೇಕಾಗುತ್ತದೆ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ.

ಅಮ್ಮ, "ಅರಿಶಿಣದ ದಾರ ಕಟ್ಟಿ ಹೆಚ್ಚಸ್ರಿ, ದೋಷ ಇಲ್ಲ," ಎಂದಳು. "ನನ್ನ ಮಗನ ಆಯುಷ್ಯ ಗಾಜಿನಾಗ ಕಟ್ಟಿಟ್ಟಿಲ್ಲ."

ಆಗ ಅತ್ತಿಗೆ, "ಬ್ಯಾಡ್ರಿ ಅತ್ತೀ," ಎಂದಳು. ನೋವಿನಲ್ಲೂ ದನಿ ಸಣ್ಣಗಾಗಿರಲಿಲ್ಲ. "ಅಷ್ಟು ಜೋರಾಗಿ ಬಿದ್ರೂ ಇವು ಉಳದಾವ. ತಾವಾಗಿ ಉಳದದ್ದನ್ನ ನಾ ಕೈಯಾರೆ ತಗಸ್ಲೇನು? ಅವರು ಬರ್ಲಿ."

"ಅವರು ಬರೂ ತನಕ ಎಲುಬು ಕಾಯಂಗಿಲ್ಲಮ್ಮಾ," ಎಂದರು ಡಾಕ್ಟರು.

"ನಾ ಕಾಯ್ತೀನ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಮದ್ರಾಸ್ ದೊರಿ, ನೀವೇನಂತೀರಪಾ?"

"ಕೆಳಗಿನ ಕೀಲು ನೋಡಬೇಕ್ರಿ," ಎಂದೆ.

"ನೋಡಬೇಕು ಅಂತ ನಂಗೂ ಗೊತ್ತದ. ಏನ್ ಮಾಡೂದು, ನಿಮ್ಮ ಪುಸ್ತಕದಾಗಿನ ಹೆಂಗಸು ಬಳಿ ಹಾಕ್ಕೊಂಡಿರಂಗಿಲ್ಲ."

ಅತ್ತಿಗೆ ನಕ್ಕಳು. ಅಮ್ಮನೂ ನಕ್ಕಳು. ನಾನು ನಗಲಿಲ್ಲ ಎಂದು ನೆನಪು.

ಆದರೆ 'ಕೆಳಗಿನ ಕೀಲು ನೋಡಬೇಕು' ಎಂದು ನಿಜವಾಗಿ ನಾನು ಹೇಳಿದೆನೇ? ಹೆಬ್ಬೆರಳ ಕಡೆಯ ಎಲುಬು ಕೆಳಗಡೆ ಮುರಿದು, ಜೊತೆಗೆ ಕಿರುಬೆರಳ ಕಡೆಯ ಎಲುಬಿನ ತುದಿ ಮಣಿಕಟ್ಟಿನ ಕೀಲಿನಿಂದ ಹೊರಬರುವ ಈ ಜಾತಿಗೆ ಒಬ್ಬ ಇಟಲಿಯ ವೈದ್ಯನ ಹೆಸರು ಇಟ್ಟಿದ್ದಾರೆ. ಆ ಹೆಸರನ್ನು ನಾನು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ, ಬೇರೆ ಪುಸ್ತಕದಲ್ಲಿ. ಮೊಣಕೈ ಹತ್ತಿರ ಆಗುವ ಇದರ ಅಣ್ಣನಂಥ ಇನ್ನೊಂದು ಜಾತಿ ನಮಗೆ ಪಾಠದಲ್ಲಿ ಇತ್ತು. ಇದು ಇತ್ತೋ ಇಲ್ಲವೋ. ಆಮೇಲೆ ಕಲಿತದ್ದನ್ನು ತೆಗೆದುಕೊಂಡು ಹೋಗಿ, ಆ ದಿನ ಆಸ್ಪತ್ರೆಯಲ್ಲಿ ನಿಂತಿದ್ದ ಹುಡುಗುಬುದ್ಧಿಯವನ ಬಾಯಲ್ಲಿ ಇಟ್ಟಿದ್ದೇನೆಯೇ? ಡಾಕ್ಟರ ಮಾತು ಮಾತ್ರ ನನ್ನದಲ್ಲ. ಅಷ್ಟು ಒಳ್ಳೆಯ ಮಾತು ನನಗೆ ಹೊಳೆಯುವುದಿಲ್ಲ.

ಕೊನೆಗೆ ಡಾಕ್ಟರು ಕಂಡಷ್ಟನ್ನೇ ಕಟ್ಟಿದರು. ಎಳೆದು ನೇರ ಮಾಡಿ, ಬಿದಿರಿನ ದಬ್ಬೆ ಇಟ್ಟು, ಬಳೆಗಳಿರುವ ಜಾಗವನ್ನು ಬಿಟ್ಟು, ಮೇಲೆ ಕೆಳಗೆ ಬಟ್ಟೆ ಸುತ್ತಿದರು. ಬೆರಳುಗಳ ಉಗುರು ಒತ್ತಿ ಬಿಟ್ಟು, ಮತ್ತೆ ಕೆಂಪಾಗುವುದನ್ನು ನೋಡಿದರು. "ಉಗುರು ಕಪ್ಪಾತು ಅಂದ್ರ ನಾ ಯಾರನ್ನೂ ಕೇಳಂಗಿಲ್ಲ, ಒಡದು ಬಿಡ್ತೀನಿ." ಉಗುರುಗಳು ಕಪ್ಪಾಗಲಿಲ್ಲ. ಹಾಗಾಗಿ ಅದು 'ಒಂದು ಮಾತ್ರ' ಮುರಿದ ಕೈಯಾಯಿತು, ಸುಲಭದ ಜಾತಿ. ಕಾಣದ ಜಾಗದಲ್ಲಿ ಏನೂ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡೆವು. ಬಳ್ಳಾರಿಗೆ ಕರೆದೊಯ್ದು ಒಳಗಿನ ಚಿತ್ರ ತೆಗೆಸುವ ಮಾತನ್ನು ಯಾರೂ ಎತ್ತಲಿಲ್ಲ.

ಅಮ್ಮ ಸುಮ್ಮನಿರಲಿಲ್ಲ. ಬಳೆ ಒಡೆಯಬಾರದು ಎಂದರೆ ಒಡೆಯದೆ ತೆಗೆಯೋಣ ಎಂದು ಪೇಟೆಯ ಬಳೆಗಾರನನ್ನು ಕರೆಸಿದಳು. ಊರಿನ ಎಲ್ಲ ಹೆಂಗಸರ ಕೈ ಅಳತೆ ಅವನಿಗೆ ಬಾಯಿಪಾಠ. ಸೋಪು ಹಚ್ಚಿದ, ಎಣ್ಣೆ ಹಚ್ಚಿದ, ತೆಳುವಾದ ಬಟ್ಟೆಯನ್ನು ಬಳೆಯ ಕೆಳಗೆ ತೂರಿಸಲು ನೋಡಿದ. ಅತ್ತಿಗೆ ಹಲ್ಲು ಕಚ್ಚಿ ಕೂತಿದ್ದಳು. ಅವನ ಹಣೆಯ ಬೆವರು ಬಳೆಗಳ ಮೇಲೆ ಬೀಳುತ್ತಿತ್ತು.

"ಆಗಂಗಿಲ್ರಿ ಅಮ್ಮಾರ. ಕೈ ಅನ್ನೋದು ಕುಂಬಳಕಾಯಿ ಆಗೇತಿ."

"ನಲವತ್ತು ವರ್ಷ ಬಳಿ ಮಾರಿ ಇಷ್ಟ ಬರತದೇನೋ ನಿನಗ?" ಎಂದಳು ಅಮ್ಮ.

"ಏರ್ಸೂದು ನನ್ನ ಕಸಬ್ರಿ. ಇಳ್ಸೂದಕ್ಕ ನನ್ನ ಯಾವ ಮನ್ಯಾಗೂ ಕರ್ಯಂಗಿಲ್ಲ," ಎಂದ ಅವನು. ಹೇಳಿದ ಮೇಲೆ, ಹೇಳಬಾರದ್ದನ್ನು ಹೇಳಿದೆನೆಂದು ಅವನಿಗೇ ಅನ್ನಿಸಿರಬೇಕು. ಪೆಟ್ಟಿಗೆ ಎತ್ತಿಕೊಂಡು ಬೇಗ ಹೋದ.

ಈಗ ನನಗೆ ಅತ್ಯಂತ ಇಷ್ಟವಾದ, ಅದರಿಂದಲೇ ಅತ್ಯಂತ ಅನುಮಾನದ ನೆನಪು.

ಮಧ್ಯಾಹ್ನ. ಪಡಸಾಲೆಯಲ್ಲಿ ಕಾಲುವೆಯ ನೀರಿನ ಬೆಳಕು ಗೋಡೆಯ ಮೇಲೆ ನಡುಗುತ್ತಿದೆ. ಅತ್ತಿಗೆ ಕಂಬಕ್ಕೆ ಒರಗಿ ಕೂತಿದ್ದಾಳೆ, ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದೆ. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಬಿದ್ದಾಗ ಹೋದ ಬಳೆಗಳ ಚೂರುಗಳನ್ನು ನೆಲಕ್ಕೆ ಸುರಿಯುತ್ತಾಳೆ. ಕಾಲ ಕೆಳಗೆ ಬೀಳಬಾರದೆಂದು ಆರಿಸಿ ತಂದದ್ದು. ತುಳಸಿ ಬುಡಕ್ಕೆ ಹಾಕಬೇಕು. ನಾನು ಸುಮ್ಮನೆ ಅವನ್ನು ಜೋಡಿಸುತ್ತಿದ್ದೇನೆ. ಯಾವ ಬಳೆಯೂ ಒಂದೇ ಕಡೆ ಒಡೆದಿಲ್ಲ. ಎರಡು ಕಡೆ, ಇಲ್ಲವೇ ಇನ್ನೂ ಹೆಚ್ಚು ಕಡೆ.

"ನೋಡ್ರಿ ಅತ್ತಿಗಿ, ಗಾಜಿನ ಬಳಿ ಒಂದ ಕಡೆ ಒಡಿಯಂಗಿಲ್ಲ."

"ಇದನ್ನ ಕಲ್ಯಾಕ ಮದ್ರಾಸಿಗೆ ಹೋಗಬೇಕಾತೇನು?"

"ಮುಂಗೈನೂ ಹಂಗ. ಎರಡು ಎಲುಬು ಕೂಡಿ ಒಂದು ಬಳಿ ಇದ್ದಂಗ."

ಆಕೆ ಚೂರುಗಳನ್ನು ನೋಡಿದಳು. "ಅಂದ್ರ ನನ್ನ ಕೈ ಇನ್ನೊಂದು ಕಡೆನೂ ಮುರದದ ಅಂತಿ."

"ಮುರದದ, ಇಲ್ಲಾ ಕೀಲು ತಪ್ಪೇದ."

"ಎಲ್ಲಿ?"

ನಾನು ಬೆರಳು ತೋರಿಸಿದೆ. ಬಳೆಗಳ ಕೆಳಗೆ, ಕಿರುಬೆರಳ ಕಡೆ.

"ಹಂಗ ಬಿಟ್ರ?"

"ಕೈ ಹೊರಳಂಗಿಲ್ಲ. ಅಂಗೈ ಮ್ಯಾಲಾಗಂಗಿಲ್ಲ."

ಗೋಡೆಯ ಮೇಲೆ ಬೆಳಕು ಅಲುಗುತ್ತಿತ್ತು. ಆಕೆ ಎಡಗೈಯನ್ನು ಮುಂದೆ ಚಾಚಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ನೋಡಿದಳು, ಯಾರದೋ ಕೈ ನೋಡಿದ ಹಾಗೆ. ಆಮೇಲೆ, "ಇರ್ಲಿ ಬಿಡು" ಎಂದಳು.

ಇದು ತೀರ ಚೆನ್ನಾಗಿ ಕೂಡಿಕೊಳ್ಳುತ್ತದೆ. ಬಳೆ ನೋಡಿ ಕೈ ತಿಳಿದೆನಂತೆ, ಕೈ ತೋರಿಸಲು ಬಳೆ ಸಿಕ್ಕಿತಂತೆ. ಬದುಕಿನಲ್ಲಿ ಯಾವ ಮಧ್ಯಾಹ್ನವೂ ಇಷ್ಟು ಹದವಾಗಿ ಒದಗಿ ಬಂದದ್ದನ್ನು ನಾನು ಕಂಡಿಲ್ಲ. ಮುಂದೆ ಕಿರಿಯ ಡಾಕ್ಟರುಗಳಿಗೆ ಈ ಮುರಿತ ತೋರಿಸುವಾಗೆಲ್ಲ ನಾನು ಗಾಜಿನ ಬಳೆಯ ಹೋಲಿಕೆಯನ್ನೇ ಹೇಳುತ್ತಿದ್ದೆ. ಹೇಳಿ ಹೇಳಿ, ಆ ಹೋಲಿಕೆಗೆ ಒಂದು ಹುಟ್ಟೂರು ಬೇಕಾಗಿ, ಅದನ್ನು ನಮ್ಮ ಪಡಸಾಲೆಯಲ್ಲಿ ಹುಟ್ಟಿಸಿದ್ದೇನೋ ಏನೋ. ಆದರೂ "ಇರ್ಲಿ ಬಿಡು" ಎಂದ ದನಿ ಕಿವಿಯಲ್ಲಿದೆ. ಆಕೆ ಆ ಮಾತನ್ನು ಹಾಲು ಉಕ್ಕಿದಾಗಲೂ ಹೇಳುತ್ತಿದ್ದಳು, ಮಳೆ ಬಂದು ಒಣಹಾಕಿದ ಸಂಡಿಗೆ ನೆನೆದಾಗಲೂ ಹೇಳುತ್ತಿದ್ದಳು. ಯಾವ "ಇರ್ಲಿ ಬಿಡು" ಯಾವ ದಿನದ್ದು?

ನಾನು ಸಂಡೂರಿಗೆ ಹೋದೆ. ಇದರಲ್ಲಿ ಅನುಮಾನವಿಲ್ಲ, ಯಾಕೆಂದರೆ ಅಲ್ಲಿನ ಧೂಳಿನಿಂದ ಹಾಳಾದ ಧೋತರವನ್ನು ಅಮ್ಮ ವರ್ಷಗಟ್ಟಲೆ ನೆಲ ಒರೆಸಲು ಬಳಸಿದಳು. ಅದಿರಿನ ರೈಲಿನಲ್ಲಿ ಸ್ವಲ್ಪ ದೂರ, ಮುಂದೆ ಗಾಡಿಯಲ್ಲಿ. ಗುಡ್ಡ, ಗಿಡ, ಎತ್ತಿನ ಕಣ್ಣರೆಪ್ಪೆ, ಎಲ್ಲದರ ಮೇಲೂ ಕೆಂಪು. ಅಣ್ಣ ತಗಡಿನ ಮಾಡಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಕ್ವಿನೈನಿನಿಂದ ಕಿವಿ ಮೊರೆಯುತ್ತಿತ್ತು, ನಾನು ಕೂಗಿ ಹೇಳಬೇಕಾಯಿತು. ಕೈ ಮುರಿದದ್ದನ್ನು ಹೇಳಿದೆ, ಬಳೆಯ ವಿಷಯ ಹೇಳಿದೆ.

ಅವನು ಕಣ್ಣು ಮುಚ್ಚಿಕೊಂಡೇ, "ಒಡದು ಹಾಕು ಅಂತ ಹೇಳು," ಎಂದ. "ನಾ ಸಾಯಂಗಿಲ್ಲ ಅಂತ ಹೇಳು. ನಾನ ಹೇಳೀನಿ ಅಂತ ಹೇಳು."

ಗೆದ್ದೆನೆಂದುಕೊಂಡು ಊರಿಗೆ ಬಂದೆ. ಗಂಡನೇ ಹೇಳಿ ಕಳಿಸಿದ ಮೇಲೆ ಇನ್ನೇನು. ಅತ್ತಿಗೆ ಒಲೆಯ ಮುಂದೆ ಎಡಗೈಯಲ್ಲಿ ಊದುಗೊಳವೆ ಹಿಡಿದು ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಎಷ್ಟು ಸೊರಗಿದ್ದಾರೆ, ಊಟಕ್ಕೆ ಯಾರು ಮಾಡಿಕೊಡುತ್ತಾರೆ, ಕಂಬಳಿ ಒಂದೇ ಇದೆಯೋ ಎರಡೋ ಎಂದು ಕೇಳಿದಳು. ಕೊನೆಗೆ, "ಈ ಮಾತು ಆಡಿದ್ದು ಜ್ವರ. ಅವರಲ್ಲ. ಅವರ ಬಂದು ಹೇಳ್ಲಿ" ಎಂದಳು.

"ಅಷ್ಟರಾಗ ಕೈ ಕೂಡಿಬಿಡತದ್ರಿ ಅತ್ತಿಗಿ, ಸೊಟ್ಟಗ."

"ಕೂಡ್ಲಿ. ಕೂಡೂದು ಚಲೋನ ಅಲ್ಲೇನು?"

ಅಮ್ಮ ಹಿತ್ತಲಿನಿಂದಲೇ, "ನಿನ್ನ ಹಟಕ್ಕ ಬೆಂಕಿ ಹಾಕ," ಎಂದು ಕೂಗಿದಳು. ಕೂಗಿದವಳೇ ಬಂದು ಸೊಸೆಯ ತಲೆ ಬಾಚಿ ಹೆರಳು ಹಾಕಿದಳು. ಒಂದು ಕೈಯಲ್ಲಿ ಆಕೆಗೆ ಹೆರಳು ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಕಂಪ್ಲಿಯಿಂದ ಆಕೆಯ ತಾಯಿ ಹೊಸ ಬೆಲ್ಲ ತೆಗೆದುಕೊಂಡು ನೋಡಲು ಬಂದರು. ಮಗಳನ್ನು ಕರೆದೊಯ್ಯುತ್ತೇನೆಂದರು. ಅತ್ತಿಗೆ ಹೋಗಲಿಲ್ಲ, ಸಂಡೂರಿನ ಗಾಡಿಗಳು ಕಂಪ್ಲಿಯ ದಾರಿಯಲ್ಲಿ ಹೋಗುವುದಿಲ್ಲ. ದಿನವೆಲ್ಲ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ಕೆಂಪು ಧೂಳು ಹಿಡಿದ ಎತ್ತು ಕಂಡರೆ ಬೆನ್ನು ನೆಟ್ಟಗಾಗುತ್ತಿತ್ತು. ಆ ದಿನಗಳು ನನ್ನ ನೆನಪಿನಲ್ಲಿ ಒಂದರ ಮೇಲೊಂದು ಬಿದ್ದಿವೆ, ಬಿಡಿಸಲು ಬರುವುದಿಲ್ಲ. ಒಂದೇ ಬಿಸಿಲು, ಒಂದೇ ಬೆಲ್ಲದ ವಾಸನೆ, ಜೋಳಿಗೆಯಲ್ಲಿ ಮಲಗಿದ ಒಂದೇ ಕೈ. ಊತ ಇಳಿಯುತ್ತ ಬಂತು. ಬಳೆಗಳು ಸಡಿಲಾಗಿ, ಆಕೆ ಅಲುಗಿದರೆ ಮತ್ತೆ ಸದ್ದು ಮಾಡತೊಡಗಿದವು. ಈಗ ಜಾರಿಸಿ ತೆಗೆಯಬಹುದಿತ್ತು. ಆದರೂ ತೆಗೆಯಗೊಡಲಿಲ್ಲ.

ಅಣ್ಣ ಬಂದ. ಗಾಡಿಯಿಂದ ತಾನೇ ಇಳಿದ. ಅತ್ತಿಗೆ ಅಳಲಿಲ್ಲ; ಒಳಗೆ ಹೋಗಿ ಕಾಲಿಗೆ ನೀರು ತಂದಳು, ಎಡಗೈಯಲ್ಲಿ. ಆ ಚೊಂಬನ್ನು ಅವಳ ಕೈಯಿಂದ ತೆಗೆದುಕೊಳ್ಳುವಾಗ ಅವನ ಕಣ್ಣು ಜೋಳಿಗೆಯಲ್ಲಿದ್ದ ಕೈಯ ಬಳೆಗಳ ಮೇಲೆ ಬಿತ್ತು.

"ಹೇಳಿ ಕಳಿಸಿದ್ನಲ್ಲ ನಾನು?"

"ಹೌದಾ? ಇವ ಏನೇನೋ ಹೇಳ್ದ. ನಂಗ ತಿಳೀಲಿಲ್ಲ," ಎಂದು ನನ್ನ ಕಡೆ ನೋಡಿ ನಕ್ಕಳು.

ಬಳೆಗಾರ ಮತ್ತೆ ಬಂದ. ಮೊದಲು ಎಡಗೈಗೆ ಹೊಸ ಬಳೆ ಏರಿಸಿ, ಆಮೇಲೆ ಬಲಗೈಯ ಹಳೆಯವನ್ನು ಸೋಪಿನ ನೀರಿನಲ್ಲಿ ಒಂದೊಂದಾಗಿ ಇಳಿಸಿದ. ಒಂದೂ ಒಡೆಯಲಿಲ್ಲ. ಬಳೆಗಳ ಕೆಳಗಿದ್ದ ಜಾಗ ಬೆಳ್ಳಗೆ, ನೆನೆದ ಕಾಗದದಂತಿತ್ತು. ಕಿರುಬೆರಳ ಕಡೆ ಎಲುಬಿನ ತುದಿ ಎದ್ದು ನಿಂತಿತ್ತು. ನಾನು ಬೆರಳಿನಿಂದ ಒತ್ತಿದೆ. ಹಾರ್ಮೋನಿಯಂನ ಒಂದು ಪಟ್ಟಿಯ ಹಾಗೆ ಕೆಳಗೆ ಹೋಯಿತು. ಬೆರಳು ತೆಗೆದರೆ ಮೇಲೆ ಬಂತು. ಪುಸ್ತಕದಲ್ಲಿ ಹೇಳಿದ ಹಾಗೆಯೇ. ಅಂಗೈ ಮೇಲೆ ಮಾಡಿ ಎಂದೆ. ಅಂಗೈ ಗೋಡೆಯ ಕಡೆ ತಿರುಗಿ ಅಲ್ಲೇ ನಿಂತಿತು.

"ಈ ಕೈಗೆ ಇನ್ಮ್ಯಾಲೆ ಒಂದು ಅಳತಿ ದೊಡ್ಡದು ಬೇಕಾಗ್ತಾವ್ರಿ," ಎಂದ ಬಳೆಗಾರ.

ಆಸ್ಪತ್ರೆಯ ಡಾಕ್ಟರು ನೋಡಿ ತಲೆಯಾಡಿಸಿದರು. ಈಗ ಅದು ಎರಡನೆಯ ಜಾತಿಯಾಯಿತು, ಒಂದು ಎಲುಬಿನ ಮುರಿತ, ಇನ್ನೊಂದರ ಕೀಲು ತಪ್ಪಿದ್ದು. ಜಾತಿ ಸರಿಯಾಯಿತು, ಕೈ ಸರಿಯಾಗಲಿಲ್ಲ. ಮದರಾಸಿಗೆ ಕರೆದುಕೊಂಡು ಹೋದರೆ ಕೊಯ್ದು ಏನಾದರೂ ಮಾಡಬಹುದು ಎಂದರು. ಅತ್ತಿಗೆ ಬೇಡವೆಂದಳು. ಮೊದಲ ದಿನವೇ ಬಳೆ ತೆಗೆದಿದ್ದರೆ ಕೈ ಉಳಿಯುತ್ತಿತ್ತೇ? ಬಹಳ ವರ್ಷ ಹಾಗೆಂದು ನಂಬಿದ್ದೆ. ಆಮೇಲೆ ಇಂಥ ಕೈಗಳನ್ನು ನಾನೇ ಕಟ್ಟಿದೆ. ಹರಿಗೋಲಿನಿಂದ ಬಂಡೆಗೆ ಹಾರಿ ಬಿದ್ದವರದು, ಕಬ್ಬಿನ ಗಾಡಿಯ ಮೇಲಿಂದ ಬಿದ್ದವರದು. ಸರಿಯಾಗಿ ಗುರುತಿಸಿ, ಸರಿಯಾಗಿ ಕೂರಿಸಿ ಕಟ್ಟಿದರೂ ಎಷ್ಟೋ ಕೀಲುಗಳು ದಬ್ಬೆಯೊಳಗೇ ಮತ್ತೆ ಜಾರಿದವು. ಹೆಸರು ಗೊತ್ತಾದ ಮಾತ್ರಕ್ಕೆ ಎಲುಬು ಮಾತು ಕೇಳುವುದಿಲ್ಲ.

ಅಣ್ಣ ಎದ್ದ ಸಂತೋಷಕ್ಕೆ, ಹರಕೆ ತೀರಿಸಲು ಎಲ್ಲರೂ ಹಂಪಿಗೆ ಹೋದೆವು. ಅರ್ಚಕರು ತೀರ್ಥ ಕೊಡುತ್ತ ಬಂದರು. ಅತ್ತಿಗೆ ಬಲಗೈ ಚಾಚಿದಳು. ಅಂಗೈ ಮೇಲಾಗಲಿಲ್ಲ. ನೀರು ಬೆರಳುಗಳ ಸಂದಿನಿಂದ ಕಲ್ಲಿನ ಮೇಲೆ ಹರಿದು ಹೋಯಿತು. ಅರ್ಚಕರು ಉದ್ಧರಣೆ ಹಿಡಿದು ಹಾಗೇ ನಿಂತರು. ಎಡಗೈ ಚಾಚುವಂತಿಲ್ಲ. ಅಣ್ಣ ಕಣ್ಣು ಬೇರೆ ಕಡೆ ಮಾಡಿದ.

ಆಗ ಅತ್ತಿಗೆ ಮೊಣಕೈಯನ್ನು ಹೊಟ್ಟೆಗೆ ಒತ್ತಿ, ಇಡೀ ಮೈಯನ್ನು ಬಲಕ್ಕೆ ವಾಲಿಸಿದಳು, ಹೊಳೆಯಲ್ಲಿ ಹರಿಗೋಲು ವಾಲುವ ಹಾಗೆ, ನಿಧಾನವಾಗಿ. ಕೈ ಹೊರಳಲಿಲ್ಲ, ಮೈಯೇ ಹೊರಳಿತು. ಅಂಗೈ ಸ್ವಲ್ಪ ಮೇಲಾಯಿತು. ಅಲ್ಲಿ 'ತೀರ್ಥ ನಿಂತಿತು' ಎಂದು ಬರೆಯಲು ಕೈ ಮುಂದಾಗುತ್ತದೆ. ನಿಂತದ್ದು ಎರಡು ಹನಿ ಇರಬಹುದು. ಆಕೆ ಅದನ್ನು ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡಳು. ಆಮೇಲೆ ಬದುಕಿರುವವರೆಗೂ ಆಕೆ ತೀರ್ಥ ತೆಗೆದುಕೊಂಡದ್ದು ಹಾಗೆಯೇ, ಮೈ ವಾಲಿಸಿ. ಗೊತ್ತಿಲ್ಲದವರು ಅದನ್ನು ದೊಡ್ಡ ಭಕ್ತಿ ಎಂದುಕೊಂಡರು. ರೊಟ್ಟಿ ಬಡಿಯಲು ಏನೂ ತೊಂದರೆಯಾಗಲಿಲ್ಲ. ಅದಕ್ಕೆ ಅಂಗೈ ಕೆಳಗಾದರೆ ಸಾಕು. ಅಣ್ಣ ಗುಡ್ಡದ ಕೆಲಸ ಬಿಟ್ಟು ಊರಿನಲ್ಲೇ ಉಳಿದ. ಪ್ರತಿ ಸಲ ಬಳೆಗಾರ ಬಂದಾಗ ತಾನೇ ಎದ್ದು ಹೋಗಿ ಎರಡು ಅಳತೆಯ ಬಳೆ ಆರಿಸುತ್ತಿದ್ದ.

ನಮ್ಮ ಹೊಳೆಗೆ ಡ್ಯಾಂ ಕಟ್ಟಿದ ಮೇಲೆ ಒಮ್ಮೆ ನಾವಿಬ್ಬರೂ, ಮುದುಕರು, ಅದೇ ಪಡಸಾಲೆಯಲ್ಲಿ ಕೂತಿದ್ದಾಗ ಕೇಳಿದೆ. "ಅತ್ತಿಗಿ, ಅವತ್ತು ಬಳಿ ಚೂರು ಜೋಡಿಸಿ ನಿಮಗ ತೋರಿಸಿದ್ದೆ, ನೆನಪದನು?"

ಆಕೆ ನನ್ನ ಕಡೆ ತಿರುಗಿದಳು. "ಯಾವ ಚೂರೋ? ತುಳಸಿಗೆ ಹಾಕಿದ್ದೆಲ್ಲ ನಾನು."

"ಹಾಕೂಕಿಂತ ಮೊದ್ಲು."

"ಇದ್ರೂ ಇರಬಹುದಪಾ," ಎಂದಳು. "ನೀ ಡಾಕ್ಟರ. ನೀ ಹೇಳಿದ್ರ ಹೇಳಿರ್ತಿ."

ಮುಂದೆ ಕೇಳಲಿಲ್ಲ. ಆಕೆ ಹೋಗಿ ಈಗ ಬಹಳ ಕಾಲವಾಯಿತು. ಆ ಮಧ್ಯಾಹ್ನ ನಡೆದಿದ್ದರೆ, ಬಳೆಗಳ ಕೆಳಗೆ ಏನಾಗಿದೆ ಎಂದು ತಿಳಿದೇ ಆಕೆ ಕೈಯನ್ನು ಬಿಟ್ಟುಕೊಟ್ಟಳು. ನಡೆಯದಿದ್ದರೆ, ಯಾರೂ ಆಕೆಗೆ ಅದನ್ನು ಹೇಳಿರಲೇ ಇಲ್ಲ. ಇವೆರಡರಲ್ಲಿ ಯಾವುದು ಎಂದು ನನಗೆ ಗೊತ್ತಿಲ್ಲ.